ಜಯಕಾರದ ಕಾಡಪ್ಪ ಮತ್ತು ತಣ್ಣನೆಯ ಪರಮಾಣುಗಳು

ಚಚಡಿಯ ಕಾಡಪ್ಪನವರು ಬಾಯಿ ತೆರೆಯುವವರೆಗೆ ಸವದತ್ತಿ, ಬೈಲಹೊಂಗಲ, ರಾಮದುರ್ಗ ಈ ಮೂರೂ ತಾಲೂಕುಗಳಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಇದು ಹೊಗಳಿಕೆಯಲ್ಲ, ಊಟದ ಕ್ರಮ. ಮದುವೆಯಿರಲಿ, ಹೊಸ ಮನೆಯ ಪ್ರವೇಶವಿರಲಿ, ಪಂಕ್ತಿಯಲ್ಲಿ ಕೂತ ಮುನ್ನೂರು ಜನರ ಎದುರು ಹುಗ್ಗಿ ಹಬೆಯಾಡುತ್ತಿರುತ್ತದೆ, ಬದನೆಕಾಯಿಯ ಎಣ್ಣೆ ಮೆಲ್ಲಗೆ ಚಟ್ನಿಯ ಕಡೆ ಹರಿಯುತ್ತಿರುತ್ತದೆ, ಆದರೂ ಒಂದು ಕೈ ಎಲೆಯ ಕಡೆ ಹೋಗುವುದಿಲ್ಲ. ಸಾಲಿನ ತುದಿಯಲ್ಲಿ ನಿಂತ ಒಬ್ಬರು “ನಮಃ ಪಾರ್ವತೀ ಪತಯೇ” ಎಂದು ಕೂಗಬೇಕು. ಮುನ್ನೂರು ಜನ “ಹರ ಹರ ಮಹಾದೇವ” ಎನ್ನಬೇಕು. ಆಮೇಲೆ ಮುನ್ನೂರು ಕೈ ಒಟ್ಟಿಗೆ ಇಳಿಯಬೇಕು. ಆ ಒಬ್ಬರು ಮೂವತ್ತೊಂದು ವರ್ಷದಿಂದ ಕಾಡಪ್ಪನವರೇ.

ಅವರಿಗೆ ಒಂಬತ್ತು ಎಕರೆ ಎರೆ ಹೊಲವಿದೆ. ಹಿಂಗಾರಿಗೆ ಕಡಲೆ, ಬಿಳಿಜೋಳ ಹಾಕುತ್ತಾರೆ. ಆದರೆ ಅದನ್ನೆಲ್ಲ ಅವರು ಖಾಸಗಿ ಬದುಕು ಎಂದು ತಿಳಿದಿದ್ದಾರೆ, ಅದರ ಬಗ್ಗೆ ಯಾರಾದರೂ ಕೇಳಿದರೆ ಸಂಕೋಚಪಡುತ್ತಾರೆ. ಸಾರ್ವಜನಿಕ ಬದುಕೆಂದರೆ ಜಯಕಾರ. ಕಿತ್ತೂರಿನ ಕಡೆಯವರು ಜಯಕಾರವನ್ನು ಎಳೆದೆಳೆದು ಹಾಕುತ್ತಾರೆ, ಅಷ್ಟರಲ್ಲಿ ಸಾರು ಆರುತ್ತದೆ ಎಂಬುದು ಕಾಡಪ್ಪನವರ ದೂರು. ಅವರದು ಮೂರು ಸೆಕೆಂಡಿನ ಕೆಲಸ. ಆ ಮೂರು ಸೆಕೆಂಡಿಗೆ ಗಿಡದ ಮೇಲಿನ ಕಾಗೆಗಳು ಎದ್ದು ಹೋಗುತ್ತಿದ್ದವು, ಮುಂದಿನ ಓಣಿಯ ತೊಟ್ಟಿಲ ಕೂಸು ಎದ್ದು ಕೂಡುತ್ತಿತ್ತು.

ಕೂಗುವ ಮೊದಲು ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅವರೂ ಹಿಡಿದಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ, “ಸರಕೊಂಡು ಕುಂದ್ರಿ, ನಡುವ ಒಬ್ರು ಕುಂದ್ರೂವಷ್ಟು ಜಾಗ ಐತಿ. ಮೊಣಕಾಲಿಗೆ ಮೊಣಕಾಲು ಹತ್ಲಿ” ಎನ್ನುತ್ತಿದ್ದರು. ಕೊನೆಯ ಎಲೆಗೆ ಉಪ್ಪು ಬೀಳುವವರೆಗೆ ಬಡಿಸುವವರ ಬೆನ್ನು ಬಿಡುತ್ತಿರಲಿಲ್ಲ. ಉಪ್ಪು ಬಿದ್ದ ಮೇಲೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ಕೂತವರನ್ನು ಏಳಗೊಡುತ್ತಿರಲಿಲ್ಲ. ಪಟ್ಟಾಭಿಷೇಕಕ್ಕೆ ಮೊದಲು ಯಾರೋ ಅಂಗಳ ಗುಡಿಸಬೇಕಲ್ಲ, ಅಂಥ ಕೆಲಸ ಅದು ಎಂದುಕೊಂಡಿದ್ದರು.

ಹೋದ ಮಾಘದಲ್ಲಿ ಸಾಮ್ರಾಜ್ಯ ಅಲುಗಿತು. ಬೈಲಹೊಂಗಲದ ಒಂದು ಮದುವೆಯಲ್ಲಿ ಕಾಡಪ್ಪನವರು ಕೈ ಎತ್ತಿ, ಎದೆ ಉಬ್ಬಿಸಿ, ಬಾಯಿ ತೆರೆದರು. ಒಳಗಿನಿಂದ ಹಳೆಯ ಬಾಗಿಲು ತೆರೆದ ಸದ್ದು ಬಂತು. ಬೆಳಗಾವಿಯ ಗಂಟಲಿನ ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಧ್ವನಿಯ ತಂತುವಿನ ಮೇಲೆ ಜೋಳದ ಕಾಳಿನಷ್ಟು ಗಂಟಾಗಿದೆ ಎಂದರು.

“ಆರು ವಾರ ಒಂದಕ್ಷರ ಮಾತಾಡಬ್ಯಾಡ್ರಿ. ಪಿಸುಮಾತೂ ಬ್ಯಾಡ. ಮಾತಾಡಿದ್ರ ಕೊಯ್ಯೂದ ಆಗತೈತಿ.”

ಕಾಡಪ್ಪನವರು ಒಂದು ಪಾಟಿ ಮತ್ತು ಒಂದು ಡಬ್ಬಿ ಬಳಪ ಕೊಂಡುಕೊಂಡು ಚಚಡಿಗೆ ಮರಳಿದರು. ಪಾಟಿ ಚಿಕ್ಕದು. ಅವರ ಅಕ್ಷರಗಳು ಅವರ ದನಿಯಷ್ಟೇ ದೊಡ್ಡವು. ಹೀಗಾಗಿ ಒಂದು ಸಲಕ್ಕೆ ಮೂರು ಶಬ್ದಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ, ಸಿಟ್ಟು ಬಂದಾಗ ಎರಡು.

ಹೆಂಡತಿ ರಾಯವ್ವ ಮಾತ್ರ ಆ ದಿನಗಳಲ್ಲಿ ಸ್ವಲ್ಪ ಮೈತುಂಬಿಕೊಂಡಳು. ನೋಡಲು ಬಂದವರಿಗೆಲ್ಲ ಚಹಾ ಕೊಟ್ಟು ಹೇಳುತ್ತಿದ್ದಳು, “ಮದವಿ ಆಗಿ ಮೂವತ್ತೆಂಟು ವರ್ಷಕ್ಕ ನನ್ನ ಮಾತು ತುದಿಮಟ ಮುಟ್ಟೇತಿ ನೋಡ್ರಿ. ಡಾಕ್ಟರ್ ಭಾಳ ಚಲೋ ಮನಷ್ಯಾ.”

ನೋಡಲು ಬಂದವರಲ್ಲಿ ಸವದತ್ತಿಯ ನಿಜಗುಣಪ್ಪನೂ ಒಬ್ಬ. ಪೆಂಡಾಲು, ಪಾತ್ರೆ, ಅಡಿಗೆ ಮೂರನ್ನೂ ಗುತ್ತಿಗೆ ಹಿಡಿಯುವ ಮನುಷ್ಯ. ಐದು ಬಾಳೆಹಣ್ಣು ತಂದಿದ್ದ, ಜೊತೆಗೆ ಒಂದು ಸುದ್ದಿ. ಹೂಲಿಯ ಹೊಸ ಸಮುದಾಯ ಭವನ ಇನ್ನು ನಾಲ್ಕು ವಾರಕ್ಕೆ ಉದ್ಘಾಟನೆಯಾಗಲಿದೆ. ಕಮಿಟಿ ಅಧ್ಯಕ್ಷ ವಿರೂಪಾಕ್ಷಪ್ಪ ಅಲ್ಲಿ ಕಾಯಂ ಬಫೆ ಇಡುವ ವಿಚಾರದಲ್ಲಿದ್ದಾರೆ.

“ನಲವತ್ತು ಟೇಬಲ್ ನಾ ತರಿಸಿ ಇಟ್ಟೇನ್ರಿ. ಜಯಕಾರ ಹಾಕಾವ್ರ ಇಲ್ಲ ಅಂದ ಮ್ಯಾಲ ಪಂಕ್ತಿ ಯಾಕ? ಬಂದವ್ರು ಬಂದಂಗ ತಿಂತಾರ, ಹೊಕ್ಕಾರ.”

ಕಾಡಪ್ಪನವರು ಪಾಟಿಯ ಮೇಲೆ ಬರೆದರು: ‘ದನಾ ಏನು?’

“ಹಂಗಲ್ಲರಿ. ಮೊದಲ ಸಾಲಹಳ್ಳಿ ಮದವ್ಯಾಗ ನಿಮ್ಮ ದನಿ ರೆಕಾರ್ಡ್ ಹಚ್ಚಿ ನೋಡತೇವಿ. ನಮ್ಮ ಮೈಕಿನ ಮಧುನ ಮೊಬೈಲಿನ್ಯಾಗ ಹೋದ ವರ್ಷದ್ದು ಐತಿ. ನಡೀತಂದ್ರ ಪಂಕ್ತಿ. ಇಲ್ಲಾಂದ್ರ ಟೇಬಲ್.”

ಇದು ಒಪ್ಪಂದ. ಒಂದು ಕಡೆ ಮೂವತ್ತೊಂದು ವರ್ಷ, ಇನ್ನೊಂದು ಕಡೆ ನಲವತ್ತು ಟೇಬಲ್. ಹೂಲಿಯಲ್ಲಿ ಬಫೆ ಬಂತೆಂದರೆ ಸುತ್ತಲಿನ ಊರುಗಳು ಹಿಂದೆಯೇ ಬರುತ್ತವೆ, ಕಾಡಪ್ಪನವರಿಗೆ ಉಳಿಯುವುದು ಒಂಬತ್ತು ಎಕರೆ ಮಾತ್ರ.

ಆ ಭಾನುವಾರ ರಾಜೇಶ್ವರಿ ಬಂದಳು. ಇವಳು ಕಾಡಪ್ಪನವರ ತಂಗಿಯ ಮಗಳು, ವರಸೆಯಲ್ಲಿ ಸೊಸೆ, ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ರಜೆ ಸಿಕ್ಕಾಗಲೆಲ್ಲ ಪುಣೆಯ ಒಂದು ಪ್ರಯೋಗಶಾಲೆಗೆ ಹೋಗಿ ಪರಮಾಣುಗಳನ್ನು ತಣ್ಣಗೆ ಮಾಡಿ ಬರುತ್ತಾಳೆ. ಅದು ಅವಳ ಪಿಎಚ್.ಡಿ. ಕೆಲಸ. ಮನೆಯಲ್ಲಿ ಇಷ್ಟು ವರ್ಷ ಯಾರೂ ಅದೇನೆಂದು ಕೇಳಿರಲಿಲ್ಲ. ಕಾಡಪ್ಪನವರಿಗೆ ಮಾತಾಡುವ ಅನುಕೂಲ ಇದ್ದಿದ್ದರೆ ಈಗಲೂ ಕೇಳಬೇಕಾಗಿ ಬರುತ್ತಿರಲಿಲ್ಲ. ಮಾತಿಲ್ಲದ ಮನುಷ್ಯ ಎದುರಿಗೆ ಕೂತಿದ್ದನ್ನು ನೋಡಿ ಅವಳೇ ಶುರು ಮಾಡಿದಳು.

“ನೋಡ್ರಿ ಮಾಮಾ, ಒಂದು ಪರಮಾಣುವಿಗೆ ಬೆಳಕು ಉಣಿಸಿ ಬಿಟ್ರ ಅದು ಸ್ವಲ್ಪ ಹೊತ್ತು ಹಂಗ ಹಿಡಕೊಂಡು ಕುಂದರತದ. ಆಮ್ಯಾಲ ತನಗ ಬೇಕಾದಾಗ ಹೊರಗ ಬಿಡತದ. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಬ್ಯಾರೆ ಬ್ಯಾರೆ ಇಟ್ಟ ನೂರು ಪರಮಾಣು ಇದ್ರ ನೂರು ಹೊತ್ತಿನ್ಯಾಗ ಬಿಡತಾವ, ನೂರು ದಿಕ್ಕಿಗೆ.”

“ಬಫೆ ಇದ್ದಂಗ” ಎಂದಳು ರಾಯವ್ವ, ಅವರೆಕಾಯಿ ಸುಲಿಯುತ್ತ.

“ಹೌದ್ರಿ ಅತ್ತಿ. ಆದ್ರ ಅವನ್ನ ತಣ್ಣಗ ಮಾಡಿ, ಓಡ್ಯಾಡದಂಗ ನಿಲ್ಲಿಸಿ, ಒಂದಕ್ಕೊಂದು ಭಾಳ ಹತ್ರ ಕುಂದರಿಸಿದ್ರ, ಇದು ಬ್ಯಾರೆ ಅದು ಬ್ಯಾರೆ ಅನ್ನೂದ ಬೆಳಕಿಗೆ ತಿಳಿಯೂದಿಲ್ಲ. ಅವಾಗ ಎಲ್ಲಾ ಕೂಡಿ ಒಂದ ಸಲಕ್ಕ ಹೊಳೀತಾವ. ಬಿಡಿಬಿಡಿಯಾಗಿ ನೂರು ಹೊಳದ್ರ ನೂರು ಪಟ್ಟು ಬೆಳಕು. ಕೂಡಿ ಹೊಳದ್ರ ಹತ್ತು ಸಾವಿರ ಪಟ್ಟು.”

ಕಾಡಪ್ಪನವರು ಬರೆದರು: ‘ಹೆಚ್ಚಿಂದು ಎಲ್ಲಿಂದ?’

“ಎಲ್ಲಿಂದಾನೂ ಇಲ್ಲ ಮಾಮಾ. ಹಿಡಕೊಂಡಿದ್ದು ಅಷ್ಟ. ಸಾವಕಾಶ ಆಗೂದು ಗಳಿಗ್ಯಾಗ ಮುಗೀತದ, ಅದಕ್ಕ ಅಷ್ಟು ಪ್ರಖರ.” ರಾಜೇಶ್ವರಿ ಅದಕ್ಕೆ ಕೂಡುಬೆಳಕು ಎಂದು ತಾನೇ ಹೆಸರಿಟ್ಟಿದ್ದಳು.

ಕಾಡಪ್ಪನವರ ಮುಖ ಅರಳಿತು. ಪುಣೆಯಲ್ಲಿ ತಾವು ಮಾಡುವ ಕೆಲಸವನ್ನೇ ಲೇಸರು ಹಿಡಿದು ಮಾಡುತ್ತಿದ್ದಾರೆಂದು ಅವರಿಗೆ ಈಗ ತಿಳಿಯಿತು. ಪಾಟಿ ಒರೆಸಿ, ನಿಧಾನವಾಗಿ, ಚೆಂದವಾಗಿ ಬರೆದು ಸೊಸೆಯ ಮುಂದೆ ಹಿಡಿದರು: ‘ಜಯಕಾರ ಯಾರು?’

“ಯಾರೂ ಇಲ್ಲ ಮಾಮಾ.”

ಅವರು ‘ಯಾರು’ ಎಂಬುದರ ಕೆಳಗೆ ಗೆರೆ ಎಳೆದರು.

“ಖರೇನ ಯಾರೂ ಇಲ್ಲ. ಅದ ಅದರ ಸೊಗಸು. ಹೊರಗಿಂದ ಯಾರೂ ಹೇಳೂದಿಲ್ಲ. ಯಾವುದೋ ಒಂದು ತಾನಾಗಿ ಬಿಡತದ, ಅದರ ಹಿಂದ ಎಲ್ಲಾವೂ. ಮೊದಲ ಬಿಟ್ಟದ್ದು ಯಾವುದು ಅಂತ ಆಮ್ಯಾಲ ಹುಡುಕಿದ್ರೂ ಸಿಗೂದಿಲ್ಲ.”

ಕಾಡಪ್ಪನವರು ಬಳಪವನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಅವತ್ತು ಸೊಸೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋಗಲಿಲ್ಲ.

ಸಾಲಹಳ್ಳಿಯ ಮದುವೆ ಬಂತು. ರಾಮದುರ್ಗ ತಾಲೂಕಿನಲ್ಲಿ ಆ ಊಟ ಈಗಲೂ ನೆನಪಿನಲ್ಲಿದೆ. ಧ್ವನಿವರ್ಧಕದ ಮಧು ಎರಡು ಆಳೆತ್ತರದ ಪೆಟ್ಟಿಗೆಗಳನ್ನು ನಿಲ್ಲಿಸಿ, ಮೊಬೈಲನ್ನು ಜೋಡಿಸಿ, ಗುಂಡಿ ಒತ್ತಿ, ತಾನೂ ಎಲೆಯ ಮುಂದೆ ಕೂತ. ಕಾಡಪ್ಪನವರ ಹೋದ ವರ್ಷದ ದನಿ ಗುಡುಗಿತು. ಜನ “ಹರ ಹರ ಮಹಾದೇವ” ಎಂದರು. ಕೈ ಇಳಿದವು. ತುತ್ತು ಎದ್ದಿತು. ಅಷ್ಟರಲ್ಲಿ ದನಿ ಮತ್ತೆ ಗುಡುಗಿತು.

ಮಧುನ ಮೊಬೈಲು ಒಂದು ಹಾಡು ಮುಗಿದೊಡನೆ ಅದನ್ನೇ ಮತ್ತೆ ಹಾಡುವ ಜಾತಿಯದು. ಅದನ್ನು ಬದಲಿಸುವುದು ಅವನಿಗೆ ಮರೆತಿತ್ತು.

ಬೇರೆ ಸೀಮೆಯವರಾಗಿದ್ದರೆ ಹೋಗಲಿ ಎಂದು ಉಣ್ಣುತ್ತಿದ್ದರು. ನಮ್ಮ ಕಡೆ ಜಯಕಾರ ಬಿದ್ದ ಮೇಲೆ ಉತ್ತರ ಕೊಡದೆ ತುತ್ತು ಬಾಯಿಗಿಡುವವರಿಲ್ಲ. ತುತ್ತು ಕೆಳಗಿಟ್ಟು ಮತ್ತೆ “ಹರ ಹರ ಮಹಾದೇವ” ಎಂದರು. ತುತ್ತು ಎತ್ತಿದರು. ದನಿ ಗುಡುಗಿತು. ಇಟ್ಟರು. ಹನ್ನೊಂದು ಸಲ ಹೀಗಾಯಿತು. ಮಧುನ ಕೈಯೆಲ್ಲ ಹುಗ್ಗಿ, ಆ ಕೈಯಲ್ಲಿ ಮೊಬೈಲು ಮುಟ್ಟುವಂತಿಲ್ಲ. ಎಡಗೈಯಲ್ಲಿ ಬಂದ್ ಮಾಡೋಣವೆಂದರೆ ದೇವರ ಹೆಸರು ನಡೆದಿದೆ. ಅವನೂ ಉತ್ತರ ಕೊಡುತ್ತಲೇ ಕೂತ. ಮದುಮಗಳ ಅಜ್ಜ ಐದನೆಯ ಸಲಕ್ಕೆ ಕಣ್ಣು ಮುಚ್ಚಿಕೊಂಡು ಜಪಕ್ಕೇ ಕೂತುಬಿಟ್ಟರು.

ಹನ್ನೆರಡನೆಯ ಗುಡುಗಿಗೆ ಮೊಬೈಲಿನ ಚಾರ್ಜು ಮುಗಿದು ದನಿ ನಡುವೆಯೇ ಸತ್ತಿತು. ಅಷ್ಟರಲ್ಲಿ ಪಂಕ್ತಿ ಎಂಬುದು ಉಳಿದಿರಲಿಲ್ಲ. ಮೊದಲೇ ಇಬ್ಬರ ನಡುವೆ ಮತ್ತಿಬ್ಬರು ಕೂಡುವಷ್ಟು ಬಿಟ್ಟುಕೊಂಡು ಕೂತಿದ್ದರು. ಒಂದು ಕಡೆ ಅನ್ನ ಬಂದಿತ್ತು, ಇನ್ನೊಂದು ಕಡೆ ರೊಟ್ಟಿಯೂ ಬಂದಿರಲಿಲ್ಲ. ಕೆಲವರು ತಿಂದರು, ಕೆಲವರು ಕಾಯ್ದರು, ತಿಂದು ಮುಗಿಸಿದವರು ಕಾಯುವವರ ಎಲೆ ದಾಟಿ ಕೈತೊಳೆಯಲು ಹೋದರು.

ಮೂಲೆಯಲ್ಲಿ ನಿಂತು ಕಾಡಪ್ಪನವರು ತಮ್ಮ ದನಿಯ ಸಾಧನೆಯನ್ನೆಲ್ಲ ನೋಡಿದರು.

“ನಿಮ್ಮ ದನೀನ ಆತ್ರಿ ಅದು, ಹನ್ನೊಂದು ಸಲ” ಎಂದ ನಿಜಗುಣಪ್ಪ. “ಇನ್ನ ಟೇಬಲ್ ತಗಸ್ಲೇನು?”

ಮರುದಿನ ಕಾಡಪ್ಪನವರು ತಾವೇ ಬಸ್ ಹತ್ತಿ ಬೈಲಹೊಂಗಲಕ್ಕೆ ಹೋದರು. ರಾಜೇಶ್ವರಿ ಸಾಲಹಳ್ಳಿಯ ವೃತ್ತಾಂತವನ್ನು ರಾಯವ್ವನಿಂದ ಫೋನಿನಲ್ಲಿ ಆಗಲೇ ಕೇಳಿದ್ದಳು.

“ನಮ್ಮ ಲ್ಯಾಬಿನ್ಯಾಗೂ ಹಂಗ ಆಗತದ ಮಾಮಾ. ಹೊರಗಿನ ಬೆಳಕು ಒಂದ ಸವನ ಹೊಡೀತಿದ್ರ ಪರಮಾಣು ಮ್ಯಾಲ ಕೆಳಗ, ಮ್ಯಾಲ ಕೆಳಗ ಆಡತಾವ. ತುತ್ತು ಎತ್ತೂದು, ಇಡೂದು. ಅದು ಅವುಗಳ ಸ್ವಂತ ಹೊಳಪಲ್ಲ.”

ಕಾಡಪ್ಪನವರು ಇದಕ್ಕೆ ಗಮನ ಕೊಡಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಮನೆಯಿಂದಲೇ ಪ್ರಶ್ನೆ ಬರೆದುಕೊಂಡು ಬಂದಿದ್ದರು. ಬಸ್ಸಿನಲ್ಲಿ ಅರ್ಧ ಅಳಿಸಿತ್ತು, ಉಳಿದದ್ದನ್ನು ತಿದ್ದಿ ತೋರಿಸಿದರು: ‘ಮತ್ತ ನಿನ್ನ ಕೆಲಸೇನು?’

ರಾಜೇಶ್ವರಿಗೆ ತುಸು ಹೊತ್ತು ಅರ್ಥವಾಗಲಿಲ್ಲ. ಪರಮಾಣುಗಳು ತಾವಾಗಿಯೇ ಹೊಳೆಯುವುದಾದರೆ ಇವಳು ರಜೆ ಹಾಕಿ ಪುಣೆಗೆ ಹೋಗಿ ಮಾಡುವುದೇನು ಎಂದು ಕೇಳುತ್ತಿದ್ದಾರೆಂದು ಆಮೇಲೆ ಹೊಳೆಯಿತು.

“ತಯಾರಿ ಮಾಮಾ. ಹೊಳಿಯೂದು ಕಣ್ಣು ಮಿಟಕ್ಸೂದಕ್ಕಿಂತ ಎಷ್ಟೋ ಕಡಿಮಿ ಹೊತ್ತು. ಅದಕ್ಕ ನಾವು ಮುಂಜಾನಿಂದ ಸಂಜಿತನಕ ಒದ್ದಾಡತೇವಿ. ಓಡೂವನ್ನ ನಿಲ್ಲಿಸಬೇಕು, ದೂರ ಇದ್ದವನ್ನ ಹತ್ರ ತರಬೇಕು, ಎಲ್ಲಾವಕ್ಕೂ ಒಂದ ಸಲ ಬೆಳಕು ಉಣಿಸಬೇಕು. ಅರ್ಧಕ್ಕ ಮುಟ್ಟಿ ಅರ್ಧಕ್ಕ ಮುಟ್ಟದಿದ್ರ ಆಗೂದಿಲ್ಲ. ಅಷ್ಟು ಮಾಡಿ ಕೈ ಕಟಕೊಂಡು ಕುಂದ್ರೂದು. ಹೊಳಿಯೂದು ಅವುಗಳ ಕೆಲಸ.”

ಕಾಡಪ್ಪನವರು ಪಾಟಿ ಒರೆಸಿ ಬಗಲಿಗೆ ಸಿಕ್ಕಿಸಿದರು. ಆಮೇಲೆ ಎದ್ದು, ಸೊಸೆಯನ್ನೂ ಎಬ್ಬಿಸಿಕೊಂಡು ಹೂಲಿಗೆ ಹೋದರು. ವಿರೂಪಾಕ್ಷಪ್ಪ ಭವನದ ಜಗುಲಿಯಲ್ಲಿ ಕೂತು ಬಣ್ಣದವರಿಗೆ ಬೈಯುತ್ತಿದ್ದರು. ಕಾಡಪ್ಪನವರು ಅವರೆದುರು ಪಾಟಿ ಹಿಡಿದರು: ‘ಒಂದ ಪಂಕ್ತಿ ಕೊಡ್ರಿ.’

“ನಿಮ್ಮ ದನಿ ಎಲ್ಲೈತಿ ಕಾಡಪ್ಪಣ್ಣ?”

‘ದನಿ ಬ್ಯಾಡ.’

ವಿರೂಪಾಕ್ಷಪ್ಪ ರಾಜೇಶ್ವರಿಯ ಕಡೆ ನೋಡಿದರು. “ಗಂಟು ಗಂಟಲಾಗ ಐತೋ ತಲ್ಯಾಗ ಐತೋ ಬೇ ತಂಗಿ?”

“ಒಂದು ಪಂಕ್ತಿ ಕೊಟ್ಟು ನೋಡ್ರಿ ಕಾಕಾ” ಎಂದಳು ಅವಳು. “ಆಗಲಿಲ್ಲ ಅಂದ್ರ ಟೇಬಲ್ ಅದಾವಲ್ಲ.”

ಮೊದಲನೆಯ ಪಂಕ್ತಿ ಕಾಡಪ್ಪನವರದು, ಅದು ಕೆಟ್ಟರೆ ಅಲ್ಲಿಂದ ಮುಂದೆ ಶಾಶ್ವತವಾಗಿ ಬಫೆ ಎಂದು ತೀರ್ಮಾನವಾಯಿತು. ನಿಜಗುಣಪ್ಪ ಟೇಬಲ್‌ಗಳನ್ನು ಬಿಳಿ ಬಟ್ಟೆ ಹೊದಿಸಿ ಭವನದ ಹಿಂದೆ ಸಾಲಾಗಿ ನಿಲ್ಲಿಸಿದ. ಸೈನ್ಯ ಅಡಗಿಸಿ ಇಟ್ಟ ಹಾಗಿತ್ತು.

ಉದ್ಘಾಟನೆಯ ದಿನ ಮಧ್ಯಾಹ್ನ ಒಂದಕ್ಕೆ ಜನ ಕೂಡತೊಡಗಿದರು. ಕಾಡಪ್ಪನವರು ಪಾಟಿಯನ್ನು ಬಗಲಿಗೆ ಸಿಕ್ಕಿಸಿ, ಧೋತರ ಮೇಲೆ ಕಟ್ಟಿ, ಕಣಕ್ಕಿಳಿದರು. ಬಾಯಿಲ್ಲದ ಕಾರಣ ಕೈಯಿಂದಲೇ ಮಾಡಿದರು. ಬಾಗಿ ಬಾಗಿ ಒಬ್ಬೊಬ್ಬರ ಮೊಣಕಾಲನ್ನೂ ಮುಟ್ಟಿ ಪಕ್ಕದವರ ಮೊಣಕಾಲಿಗೆ ಹಚ್ಚಿದರು. ಹೊಸ ಪಂಚೆ ನೆರಿಗೆ ಕೆಡುತ್ತದೆಂದು ಅಗಲವಾಗಿ ಕೂತ ಇಬ್ಬರು ಸಾಹುಕಾರರ ನಡುವೆ ಮಧುನನ್ನು ಇಳಿಸಿದರು. ಅಡ್ಡಾಡುತ್ತಿದ್ದ ನಿಜಗುಣಪ್ಪನ ಭುಜ ಒತ್ತಿ ತೊಂಬತ್ತರ ಬಾಯವ್ವಜ್ಜಿಯ ಪಕ್ಕ ಕೂಡಿಸಿದರು.

“ನಾ ಗುತ್ತಿಗೆದಾರ್ರೀ, ಈಗ ಕುಂದ್ರೂದಲ್ಲ” ಎಂದ ಅವನು.

“ಕುಂದ್ರೋ ಸುಮ್ನ” ಎಂದಳು ಬಾಯವ್ವಜ್ಜಿ. “ನಿನ್ನ ಸಲುವಾಗಿ ಗಾಳಿ ಬರವಲ್ದು.”

ಮುನ್ನೂರ ಹನ್ನೆರಡು ಜನ ಒಂದೇ ಹಗ್ಗದ ಗಂಟುಗಳಂತೆ ಕೂತರು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹುಗ್ಗಿ ಬಂದವು. ಕೊನೆಯ ಎಲೆಗೆ ಉಪ್ಪು ಬಿತ್ತು. ಕಾಡಪ್ಪನವರು ಕೈಬೀಸಿ ಬಡಿಸುವವರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ತುದಿಯ ಎಲೆಯ ಮುಂದೆ ತಾವೂ ಕೂತರು. ಕೈ ಕಟ್ಟಿದರು.

ಏನೂ ಆಗಲಿಲ್ಲ.

ಜನ ಅಭ್ಯಾಸದಂತೆ ಅವರ ಬಾಯಿಯನ್ನೇ ನೋಡಿದರು. ಅದು ಮುಚ್ಚಿತ್ತು. ಹುಗ್ಗಿಯ ಹಬೆ ನೆಟ್ಟಗೆ ಏಳುತ್ತಿತ್ತು. ಯಾರೋ ಕೆಮ್ಮಿದರು, ಯಾರದೋ ಹೊಟ್ಟೆ ಸದ್ದು ಮಾಡಿತು, ಅದು ತನ್ನದಲ್ಲವೆಂದು ತೋರಿಸಲು ಹತ್ತು ಜನ ಅತ್ತಿತ್ತ ನೋಡಿದರು. ಒಂದು ನಿಮಿಷವಾಯಿತು. ಕಾಡಪ್ಪನವರ ಹಣೆಯಿಂದ ಒಂದು ಬೆವರ ಹನಿ ಹೊರಟು ಮೀಸೆಯವರೆಗೆ ಬಂದು ನಿಂತಿತು. ನಿಜಗುಣಪ್ಪ ಟೇಬಲ್ ಇದ್ದ ಕಡೆ ಕಣ್ಣು ಹೊರಳಿಸಿದ.

ಆಗ ಎಲ್ಲೋ ಒಂದು ಖಡಕ್ ರೊಟ್ಟಿ ಮುರಿಯಿತು.

ಒಂದೇ ಸದ್ದು, ಚಿಕ್ಕದು. ಅದು ಮುಗಿಯುವ ಮೊದಲೇ ಮುನ್ನೂರಕ್ಕೂ ಮಿಕ್ಕಿ ರೊಟ್ಟಿ ಒಟ್ಟಿಗೆ ಮುರಿದವು. ಹೂಲಿಯ ಹಳೆಯ ಗುಡಿಗಳ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಹೊಸ ಭವನದ ಕಿಟಕಿಯ ಗಾಜು ಸಣ್ಣಗೆ ನಡುಗಿತು. ತುತ್ತು ಬಾಯೊಳಗೆ ಹೋದ ಮೇಲೆ ಜನಕ್ಕೆ ನೆನಪಾಗಿ, ತುಂಬಿದ ಬಾಯಿಂದಲೇ ಒಟ್ಟಿಗೆ “ಹರ ಹರ ಮಹಾದೇವ” ಎಂದರು. ಕಾಡಪ್ಪನವರ ಮೂವತ್ತೊಂದು ವರ್ಷದ ಯಾವ ಜಯಕಾರಕ್ಕೂ ಅಂಥ ಸದ್ದು ಬಂದಿರಲಿಲ್ಲ. ಅವರು ಮೀಸೆಯ ಮೇಲಿನ ಹನಿ ಒರೆಸಿಕೊಂಡು ತಮ್ಮ ಎಲೆ ನೋಡಿದರು. ಅವರ ರೊಟ್ಟಿಯೂ ಎರಡು ತುಂಡಾಗಿ ಕೈಯಲ್ಲಿತ್ತು.

ಊಟವಾದ ಮೇಲೆ ವಿರೂಪಾಕ್ಷಪ್ಪ ವಿಚಾರಣೆ ನಡೆಸಿದರು. “ಮೊದಲ ಮುರದವ್ರು ಯಾರು? ಬೈಯೂದಿಲ್ಲ, ಹೇಳ್ರಿ.”

ಯಾರೂ ಒಪ್ಪಲಿಲ್ಲ. ಬಾಯವ್ವಜ್ಜಿಯ ಮೇಲೆ ಅನುಮಾನ ಬಂತು. “ನನಗ ಹಲ್ಲ ಇಲ್ಲೋ ಯಪ್ಪಾ. ನೆನಿಸಿ ತಿನ್ನಾಕಿ ನಾ, ಮುರೀಲ್ಯಾಕ?” ಎಂದಳು. ನಿಜಗುಣಪ್ಪನ ಕೈಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. “ನನಗೂ ತಿಳೀಲಿಲ್ಲರಿ. ಕೈ ತಾನ ಹೋತು” ಎಂದು ಅದನ್ನು ಬೆನ್ನ ಹಿಂದೆ ಮಾಡಿದ.

“ಹುಡುಕಿದ್ರ ಸಿಗೂದಿಲ್ಲ ಕಾಕಾ” ಎಂದಳು ರಾಜೇಶ್ವರಿ. “ಇನ್ನೊಂದು ಪಂಕ್ತಿ ಕುಂದರಿಸಿ ನೋಡ್ರಿ.”

ಎರಡನೆಯ ಪಂಕ್ತಿಯನ್ನೂ ಕಾಡಪ್ಪನವರು ಮೊಣಕಾಲು ಹಚ್ಚಿ ಕೂಡಿಸಿದರು. ಈ ಸಲ ಸದ್ದು ಬಾಗಿಲ ಕಡೆಯಿಂದ ಬಂತು. ಮೂರನೆಯದರಲ್ಲಿ ಎಲ್ಲಿಂದ ಬಂತೆಂದು ಎರಡು ಪಕ್ಷವಾಗಿ ಈಗಲೂ ವಾದವಿದೆ. ಮೂರು ಸಲವೂ ರೊಟ್ಟಿ ಮಾತ್ರ ಒಟ್ಟಿಗೆ ಮುರಿಯಿತು. ಹೂಲಿಯಲ್ಲಿ ಇನ್ನು ಮುಂದೆ ಪಂಕ್ತಿಯೇ ಎಂದು ಕಮಿಟಿ ಬರೆದುಕೊಂಡಿತು. ನಲವತ್ತು ಟೇಬಲ್‌ಗಳನ್ನು ಭವನದ ಹೊರಗೆ ಚಪ್ಪಲಿ ಇಡಲು ಬಳಸಿದರು, ಬಿಳಿ ಬಟ್ಟೆ ತೆಗೆದು.

ಕಾಡಪ್ಪನವರು ಗೆದ್ದಿದ್ದರು. ಪಾತ್ರೆ ಲಾರಿಗೆ ಹಾಕುತ್ತಿದ್ದ ನಿಜಗುಣಪ್ಪ ಹೋಗುವಾಗ ಒಂದು ಮಾತು ಬಿಟ್ಟು ಹೋದ.

“ಹಂಗಾದ್ರ ಇಷ್ಟು ವರ್ಷ ಒದರಿ ಗಂಟಲ ಕೆಡಿಸಿಕೊಂಡಿದ್ದು ಯಾಕ್ರಿ ಅಣ್ಣಾರ?”

ಕಾಡಪ್ಪನವರು ಉತ್ತರ ಬರೆದರು, ಒರೆಸಿದರು. ಮತ್ತೆ ಬರೆದರು, ಮತ್ತೆ ಒರೆಸಿದರು. ಲಾರಿ ಹೋಯಿತು. ಮುಂದಿನ ವಾರವೆಲ್ಲ ಅವರ ಪಾಟಿ ಖಾಲಿ ಇತ್ತು. ರಾಯವ್ವನಿಗೇ ಚಿಂತೆಯಾಗಿ, “ಏನರ ಬರೀರಿ, ಬೈದರ ಬರೀರಿ” ಎಂದಳು.

ಆರು ವಾರ ತುಂಬಿದ ದಿನ ಕಾಡಪ್ಪನವರು, ರಾಯವ್ವ, ರಾಜೇಶ್ವರಿ ಮೂವರೂ ಬೆಳಗಾವಿಗೆ ಹೋದರು. ಗಂಟು ಕರಗಿತ್ತು. ಡಾಕ್ಟರು ಕುರ್ಚಿಗೆ ಒರಗಿ, “ಈಗ ಮಾತಾಡ್ರಿ ನೋಡೋಣು. ಮೆತ್ತಗ. ನಿಮಗ ರೂಢಿ ಇದ್ದದ್ದು ಏನರ ಒಂದು ಅನ್ರಿ” ಎಂದರು.

ರಾಯವ್ವ ಕಿವಿಗೆ ಸೆರಗು ಒತ್ತಿಕೊಂಡಳು. ರಾಜೇಶ್ವರಿ ಟೇಬಲ್ ಮೇಲಿದ್ದ ಗಾಜಿನ ಲೋಟವನ್ನು ಒಳಗೆ ಸರಿಸಿದಳು. ಮೂರು ತಾಲೂಕಿಗೆ ಗೊತ್ತಿದ್ದ ಆ ಮೂರು ಸೆಕೆಂಡಿಗೆ ಕಾಡಪ್ಪನವರು ಎದೆ ಉಬ್ಬಿಸಿದರು. ಬಾಯಿ ತೆರೆದರು. ತೆರೆದಂತೆಯೇ ನಿಂತರು.

ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಉದ್ದ ಬೆಂಚಿನ ಮೇಲೆ ಏಳು ಜನ ರೋಗಿಗಳು ಕೂತಿದ್ದರು, ಇಬ್ಬರ ನಡುವೆ ಒಬ್ಬರು ಹಿಡಿಯುವಷ್ಟು ಬಿಟ್ಟುಕೊಂಡು. ಒಬ್ಬ ಮುದುಕ ಗೋಡೆಗೆ ಒರಗಿ ನಿಂತಿದ್ದ.

ಎದೆಯೊಳಗಿನ ಗಾಳಿಯನ್ನು ಕಾಡಪ್ಪನವರು ನಿಧಾನವಾಗಿ ಬಿಟ್ಟರು.

“ಸ್ವಲ್ಪ ಸರಕೊಂಡು ಕುಂದ್ರಿ” ಎಂದರು, ಹೊರಗಿನವರಿಗೆ.

ದನಿ ಸಣ್ಣದಾಗಿತ್ತು, ಬೆಂಚಿನವರೆಗೆ ಸಾಕಾಗುವಷ್ಟು. ಏಳೂ ಜನ ಒಟ್ಟಿಗೆ ಸರಿದರು.